ಚಾರ್ಮಾಡಿ ಇಳಿಯುವಾಗ ಬ್ರೇಕ್ ಪೆಡಲ್ ನೆಲಕ್ಕೆ ಹೋಯಿತು, ಅರ್ಧ ಗಂಟೆಯಲ್ಲಿ ತಾನಾಗಿ ಸರಿಯಾಯಿತು: ಕಾರಣವೇನು?

ಹಾಸನದ ಪಯಣಿಗ
ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ನಡೆದದ್ದನ್ನು ಹೇಳುತ್ತೇನೆ, ತಿಳಿದವರು ದಯವಿಟ್ಟು ಉತ್ತರಿಸಿ. ಆ ದಿನದಿಂದ ನನಗೆ ಸರಿಯಾಗಿ ನಿದ್ರೆ ಬಂದಿಲ್ಲ.

ಅಪ್ಪ, ಅಮ್ಮ, ಹೆಂಡತಿ, ಆರು ವರ್ಷದ ಮಗಳು ಮತ್ತು ನಾನು ಧರ್ಮಸ್ಥಳಕ್ಕೆ ಹೊರಟಿದ್ದೆವು. 2016ರ ಸಣ್ಣ ಪೆಟ್ರೋಲ್ ಕಾರು, 58,000 ಕಿ.ಮೀ. ಓಡಿದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿಯತೊಡಗಿದೆವು. ಮಂಜು ಇರಲಿಲ್ಲ, ರಸ್ತೆ ಒಣಗಿತ್ತು. ಅಣ್ಣಪ್ಪ ಸ್ವಾಮಿ ದೇವಸ್ಥಾನದ ಬಳಿ ಕೈಮುಗಿದು ಇನ್ನೂ ಒಂದಷ್ಟು ತಿರುವು ಇಳಿದಿರಬೇಕು, ಬ್ರೇಕ್ ಒತ್ತಿದರೆ ಪೆಡಲ್ ಹಸಿ ಮಣ್ಣಿನಲ್ಲಿ ಕಾಲಿಟ್ಟಂತೆ ಮೆತ್ತಗೆ ಒಳಗೆ ಹೋಯಿತು. ಇನ್ನೊಮ್ಮೆ ಒತ್ತಿದೆ, ಅರೆಬರೆ ಹಿಡಿಯಿತು. ಮೂರನೆಯ ಸಲ ನೆಲಕ್ಕೇ ತಾಗಿತು. ಮುಂದೆ ಎಡ ತಿರುವು, ನೇರಕ್ಕೆ ಕಣಿವೆ. ಪಕ್ಕದಲ್ಲಿ ಕೂತಿದ್ದ ಅಪ್ಪ "ಸೆಕೆಂಡಿಗೆ ಹಾಕು, ಹ್ಯಾಂಡ್ ಬ್ರೇಕ್ ಎಳೆ" ಎಂದು ಕೂಗಿದರು. ಅಷ್ಟನ್ನೇ ಮಾಡಿದೆ. ಎಡಗಡೆ ಗುಡ್ಡದ ಬುಡದ ಚರಂಡಿ ಅಂಚಿಗೆ ಚಕ್ರ ಉಜ್ಜಿಕೊಂಡು ಕಾರು ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಅರ್ಧ ಗಂಟೆ ಕಳೆದು ಒತ್ತಿ ನೋಡಿದರೆ ಪೆಡಲ್ ಮೊದಲಿನಂತೆ ಗಟ್ಟಿ! ನಿಧಾನವಾಗಿ ಉಜಿರೆ ಸೇರಿದೆವು. ಊರಿಗೆ ಬಂದ ಮೇಲೆ ಸರ್ವಿಸ್ ಕೇಂದ್ರದಲ್ಲಿ ತೋರಿಸಿದರೆ "ಬ್ರೇಕ್ ಪ್ಯಾಡ್ ದಪ್ಪ 5 ಮಿ.ಮೀ. ಇದೆ, ಆಯಿಲ್ ಮಟ್ಟ ಸರಿಯಿದೆ, ದೋಷವೇನೂ ಇಲ್ಲ" ಎಂದರು. ದೋಷವಿಲ್ಲದಿದ್ದರೆ ನನ್ನ ಕಾಲಡಿಯಲ್ಲಿ ಬ್ರೇಕ್ ಮಾಯವಾದದ್ದು ಹೇಗೆ?

ಸಕಲೇಶಪುರ ಎಸ್ಟೇಟ್
ದೇವರು ದೊಡ್ಡವನು. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ವೀಲ್ ಸ್ಪ್ಯಾನರ್
ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್ ಹೋಗಿದೆ. ಬದಲಾಯಿಸಿ. ಬೇರೆ ಯೋಚನೆಯೇ ಬೇಡ.

ಉಜಿರೆಯ ಮೆಕ್ಯಾನಿಕ್
ಮಾಸ್ಟರ್ ಸಿಲಿಂಡರ್ ಎಂದು ಅಷ್ಟು ಬೇಗ ತೀರ್ಪು ಕೊಡಬೇಡಿ. ಅದರೊಳಗಿನ ರಬ್ಬರ್ ಕಪ್ ಹಾಳಾಗಿದ್ದರೆ ಗಾಡಿ ತಣ್ಣಗಿದ್ದಾಗಲೂ ಗೊತ್ತಾಗುತ್ತದೆ. ಎಂಜಿನ್ ಚಾಲೂ ಮಾಡಿ, ಪೆಡಲನ್ನು ಒಂದೇ ಸಮನೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಅದು ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರ್ ಮೇಲೆ ಅನುಮಾನ ಪಡಬೇಕು, ಅಥವಾ ಎಲ್ಲೋ ಸೋರಿಕೆ ಇರಬೇಕು. ನಿಂತಲ್ಲೇ ನಿಂತರೆ ಅದರ ತಪ್ಪಲ್ಲ.

ಪಯಣಿಗರೇ, ನನಗೆ ಮೂರು ವಿಷಯ ಹೇಳಿ. ಯಾವ ಗೇರಿನಲ್ಲಿ ಇಳಿಯುತ್ತಿದ್ದಿರಿ? ಬ್ರೇಕ್ ಆಯಿಲ್ ಕೊನೆಯ ಸಲ ಬದಲಾಯಿಸಿದ್ದು ಯಾವಾಗ? ಮಟ್ಟ ನೋಡಿದ್ದು ಯಾವಾಗ ಎಂದಲ್ಲ, ಹಳೆಯದನ್ನು ಪೂರ್ತಿ ತೆಗೆದು ಹೊಸದು ಹಾಕಿದ್ದು ಯಾವಾಗ? ಸುಟ್ಟ ವಾಸನೆ ಎರಡೂ ಕಡೆ ಸಮನಾಗಿತ್ತೇ, ಒಂದು ಕಡೆ ಜಾಸ್ತಿ ಇತ್ತೇ?

ಹಾಸನದ ಪಯಣಿಗ
ಪೆಡಲ್ ಪರೀಕ್ಷೆ ಮಾಡಿದೆ ಸರ್, ಕೆಳಗಿಳಿಯಲಿಲ್ಲ. ಇಳಿಯುವಾಗ ಬಹುಪಾಲು ಮೂರನೆಯ ಗೇರ್, ನೇರ ಇದ್ದಲ್ಲಿ ನಾಲ್ಕನೆಯದು. ಭಯಕ್ಕೆ ಕಾಲು ಬ್ರೇಕಿನ ಮೇಲೆಯೇ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ವಾಸನೆ ಎಡ ಮುಂದಿನ ಚಕ್ರದಲ್ಲಿ ಜಾಸ್ತಿ. ಸರ್ವಿಸ್ ಪುಸ್ತಕವನ್ನು ಪೂರ್ತಿ ತಿರುವಿ ಹಾಕಿದೆ. ಎಂಜಿನ್ ಆಯಿಲ್ ಒಂಬತ್ತು ಸಲ ಬದಲಾಗಿದೆ. ಬ್ರೇಕ್ ಆಯಿಲ್ ಬದಲಾಯಿಸಿದ ದಾಖಲೆ ಒಂದೂ ಇಲ್ಲ.

ಉಜಿರೆಯ ಮೆಕ್ಯಾನಿಕ್
ಹಾಗಾದರೆ ಉತ್ತರ ಸಿಕ್ಕಿತು. ನಿಮ್ಮ ಬ್ರೇಕ್ ಆಯಿಲ್ ಕುದಿದಿದೆ.

ನಾವು ಆಯಿಲ್ ಎನ್ನುತ್ತೇವೆ, ಆದರೆ ಅದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ದ್ರವ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ಒದ್ದೆಯಾಗುವುದಿಲ್ಲವೇ, ಇದಕ್ಕೂ ಅದೇ ಗುಣ. ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಉಸಿರುಕಿಂಡಿಯಿಂದ, ಚಕ್ರದ ಹತ್ತಿರದ ರಬ್ಬರ್ ಹೋಸ್‌ಗಳ ಮೂಲಕ ವರ್ಷಗಟ್ಟಲೆ ನೀರು ಒಳಸೇರುತ್ತಲೇ ಇರುತ್ತದೆ. ಕಾರು ಓಡಲಿ, ನಿಂತಿರಲಿ.

ಈ ದ್ರವದ ದರ್ಜೆಗಳನ್ನು ಡಾಟ್ 3, ಡಾಟ್ 4 ಎಂದು ಕರೆಯುತ್ತಾರೆ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ಮಾನದಂಡ. ಶೇ. 3.7ರಷ್ಟು ನೀರು ಸೇರಿದರೆ ಅದೇ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಹೊಸದರಲ್ಲಿ 230, ನೀರು ಸೇರಿದ ಮೇಲೆ 155. ಘಟ್ಟದಲ್ಲಿ ಇಡೀ ದಾರಿ ಬ್ರೇಕ್ ಹಿಡಿದರೆ ಚಕ್ರದ ಜೊತೆ ತಿರುಗುವ ಡಿಸ್ಕ್ ಇದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಾಗುತ್ತದೆ. ಆ ಬಿಸಿ ಡಿಸ್ಕನ್ನು ಹಿಡಿಯುವ ಪ್ಯಾಡ್ ದಾಟಿ, ಪ್ಯಾಡನ್ನು ತಳ್ಳುವ ಪಿಸ್ಟನ್‌ಗೆ, ಪಿಸ್ಟನ್ ಹಿಂದಿನ ದ್ರವಕ್ಕೆ ಬರುತ್ತದೆ. ಅಲ್ಲಿ ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆ ಅಮುಕಿಕೊಳ್ಳುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಮರಳಿ ಬರುತ್ತದೆ. ಊರಿಗೆ ಹೋಗಿ ತೋರಿಸಿದರೆ ದೋಷ ಕಾಣುವುದಿಲ್ಲ, ಏಕೆಂದರೆ ಅವರು ನೋಡಿದ್ದು ತಣ್ಣಗಿನ ಗಾಡಿಯನ್ನು.

ಎಡಗಡೆ ವಾಸನೆ ಜಾಸ್ತಿ ಎಂದಿರಲ್ಲ, ಅಲ್ಲಿ ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್ ಜಾರಬೇಕಾದ ಪಿನ್ ಬಿಗಿದುಕೊಂಡಿರಬಹುದು. ಬಿಚ್ಚಿಸಿ ನೋಡಿ.

ವೀಲ್ ಸ್ಪ್ಯಾನರ್
ಸರಿ, ಮಾಸ್ಟರ್ ಸಿಲಿಂಡರ್ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ಸುಟ್ಟ ವಾಸನೆ ಬಂದಿದೆ ಎಂದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಂಡಿದೆ ಎಂದರ್ಥ. ಎಲ್ಲವನ್ನೂ ಆಯಿಲ್ ಮೇಲೆ ಹಾಕುವುದು ಸರಿಯಲ್ಲ.

ಉಜಿರೆಯ ಮೆಕ್ಯಾನಿಕ್
ಎರಡನ್ನೂ ಬೇರ್ಪಡಿಸುವುದು ಕಾಲಿನ ಅನುಭವ. ಪ್ಯಾಡ್ ಕಾದು ಜಾರಿದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ. ನೀವು ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ, ಕಲ್ಲಿನ ಮೇಲೆ ಕಾಲಿಟ್ಟಂತೆ ಇರುತ್ತದೆ. ಆಯಿಲ್ ಕುದಿದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಇವರು ಹೇಳಿದ್ದು ಎರಡನೆಯದು. ಪ್ಯಾಡೂ ಕಾದಿರುವುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪೆಡಲ್ ನೆಲಕ್ಕೆ ಹೋಗಲು ಪ್ಯಾಡ್ ಕಾರಣವಲ್ಲ.

ಭೌತಶಾಸ್ತ್ರದ ಮೇಷ್ಟ್ರು
ಒಂದು ಸಣ್ಣ ಗುಳ್ಳೆ ಇಷ್ಟು ಅನಾಹುತ ಮಾಡುತ್ತದೆಯೇ ಎಂದು ಹಲವರಿಗೆ ಅನಿಸಬಹುದು. ನಾನು ಪಿಯುಸಿ ಮಕ್ಕಳಿಗೆ ಇದನ್ನು ಸಿರಿಂಜ್ ಹಿಡಿದು ತೋರಿಸುತ್ತೇನೆ. ಸೂಜಿ ಇಲ್ಲದ ಸಿರಿಂಜಿನಲ್ಲಿ ನೀರು ತುಂಬಿ, ಬಾಯಿಯನ್ನು ಬೆರಳಿನಿಂದ ಒತ್ತಿ ಹಿಡಿದು ಹಿಂದಿನಿಂದ ತಳ್ಳಿ. ಒಂದಿಷ್ಟೂ ಅಲುಗುವುದಿಲ್ಲ. ಈಗ ಒಳಗೆ ಬಟಾಣಿಯಷ್ಟು ಗಾಳಿ ಬಿಡಿ. ಸ್ಪಂಜಿನಂತೆ ಒಳಗೆ ಹೋಗುತ್ತದೆ. ಬ್ರೇಕ್ ವ್ಯವಸ್ಥೆ ಎಂದರೆ ಇಂತಹ ಸಿರಿಂಜುಗಳನ್ನು ಕೊಳವೆಯಿಂದ ಜೋಡಿಸಿದಂತೆ, ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲ್ ನಿಯಮವೇ ಅದರ ಜೀವಾಳ.

ಲೆಕ್ಕ ಹಾಕೋಣ. ನೀವು ಪೆಡಲಿನ ಮೇಲೆ 15 ಕೆ.ಜಿ. ಭಾರ ಹಾಕಿದಿರಿ ಎನ್ನಿ. ಪೆಡಲಿನ ಸನ್ನೆ ಅದನ್ನು ನಾಲ್ಕು ಪಟ್ಟು ಮಾಡಿದರೆ 60. ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಅದನ್ನು ಮೂರು ಪಟ್ಟು ಮಾಡಿದರೆ 180. ಮಾಸ್ಟರ್ ಸಿಲಿಂಡರಿನ ವ್ಯಾಸ 20 ಮಿ.ಮೀ., ಕ್ಯಾಲಿಪರ್ ಪಿಸ್ಟನ್ನಿನ ವ್ಯಾಸ 50 ಮಿ.ಮೀ. ಇದ್ದರೆ ವಿಸ್ತೀರ್ಣ ಆರೂಕಾಲು ಪಟ್ಟು. ಅಂದರೆ ಒಂದೊಂದು ಮುಂಚಕ್ರದ ಪ್ಯಾಡನ್ನು 1,100 ಕೆ.ಜಿ.ಗಿಂತ ಹೆಚ್ಚಿನ ಬಲ ಒತ್ತುತ್ತದೆ. ಗಾಡಿಯಿಂದ ಗಾಡಿಗೆ ಈ ಅಂಕಿಗಳು ಬದಲಾಗುತ್ತವೆ, ಲೆಕ್ಕದ ದಾರಿ ಇದೇ.

ಆದರೆ ಪ್ರಕೃತಿ ಏನನ್ನೂ ಬಿಟ್ಟಿ ಕೊಡುವುದಿಲ್ಲ. ಬಲ ಹೆಚ್ಚಿದಷ್ಟು ಚಲನೆ ಕಡಿಮೆಯಾಗುತ್ತದೆ. ಪೆಡಲ್ ಅಂಗೈ ಅಗಲ ಚಲಿಸಿದರೆ ಪ್ಯಾಡ್ ಚಲಿಸುವುದು ಕೂದಲೆಳೆಯ ಲೆಕ್ಕದಲ್ಲಿ. ಇಡೀ ವ್ಯವಸ್ಥೆಯಲ್ಲಿ ಪೆಡಲ್ ತಳ್ಳುವ ದ್ರವವೇ ಕೆಲವು ಚಮಚ. ಅಷ್ಟನ್ನೂ ಆವಿಗುಳ್ಳೆ ನುಂಗಿದರೆ ಪ್ಯಾಡಿಗೆ ತಲುಪಲು ಏನೂ ಉಳಿಯುವುದಿಲ್ಲ.

ಇನ್ನು ಶಾಖ. ಐವರು ಕೂತ ಕಾರು 1,300 ಕೆ.ಜಿ., ಇಳಿದ ಎತ್ತರ 700 ಮೀಟರ್ ಎಂದು ಹಿಡಿಯೋಣ. ಆ ಶಕ್ತಿ ಸುಮಾರು 90 ಲಕ್ಷ ಜೂಲ್. ಬಚ್ಚಲಮನೆಯ ಹಂಡೆಯಲ್ಲಿ 28 ಲೀಟರ್ ತಣ್ಣೀರು ಹಾಕಿ ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಾಖ ಬೇಕು. ಗಾಳಿಯ ಎದುರೊತ್ತು, ಟೈರಿನ ಘರ್ಷಣೆ, ಎಂಜಿನ್ ಇವು ಒಂದಷ್ಟನ್ನು ತೆಗೆದುಕೊಳ್ಳುತ್ತವೆ. ಉಳಿದದ್ದೆಲ್ಲ ಆ ನಾಲ್ಕು ಚಕ್ರಗಳ ಕಬ್ಬಿಣಕ್ಕೆ. ಎಂಜಿನ್‌ಗೆ ಹೆಚ್ಚು ಪಾಲು ಕೊಡುವುದೋ ಬ್ರೇಕಿಗೆ ಹೆಚ್ಚು ಪಾಲು ಕೊಡುವುದೋ ಎಂಬುದನ್ನು ತೀರ್ಮಾನಿಸುವುದು ನಿಮ್ಮ ಎಡಗೈಯಲ್ಲಿರುವ ಗೇರ್ ಕಡ್ಡಿ.

ಸಕಲೇಶಪುರ ಎಸ್ಟೇಟ್
ಹಂಡೆಯ ಲೆಕ್ಕ ಓದಿ ಮೈ ಜುಮ್ಮೆಂದಿತು ಮೇಷ್ಟ್ರೇ. ಇಪ್ಪತ್ತು ವರ್ಷದಿಂದ ಘಟ್ಟದಲ್ಲಿ ಓಡಾಡುತ್ತಿದ್ದೇನೆ, ಹೀಗೆ ಯೋಚಿಸಿರಲೇ ಇಲ್ಲ.

ನಿವೃತ್ತ ಬಸ್ ಚಾಲಕ
ಮೂವತ್ತೊಂದು ವರ್ಷ ಬಸ್ ಓಡಿಸಿದ್ದೇನೆ, ಅದರಲ್ಲಿ ಹೆಚ್ಚಿನ ಕಾಲ ಘಟ್ಟದ ಮಾರ್ಗ. ನಮಗೆ ಕಲಿಸಿದ ಹಿರಿಯರು ಒಂದೇ ಮಾತು ಹೇಳುತ್ತಿದ್ದರು: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಚಾರ್ಮಾಡಿಯ ತಿರುವುಗಳನ್ನು ನಿಮ್ಮ ಸಣ್ಣ ಕಾರು ಐವರನ್ನು ಕೂರಿಸಿಕೊಂಡು ನಾಲ್ಕನೆಯ ಗೇರಿನಲ್ಲಿ ಹತ್ತುತ್ತದೆಯೇ? ಹತ್ತುವುದಿಲ್ಲ. ಇಳಿಯುವಾಗಲೂ ಆ ಗೇರಿಗೆ ಅಲ್ಲಿ ಕೆಲಸವಿಲ್ಲ. ಎರಡನೆಯ ಗೇರ್ ಹಾಕಿ, ಎಂಜಿನ್ ಗುಂಯ್ ಎನ್ನಲಿ, ಹೆದರಬೇಡಿ. ಮೀಟರಿನ ಕೆಂಪು ಗೆರೆ ಮುಟ್ಟದಿದ್ದರೆ ಎಂಜಿನ್‌ಗೆ ಏನೂ ಆಗುವುದಿಲ್ಲ.

ಗೇರ್ ಇಳಿಸುವುದು ಇಳಿಜಾರು ಶುರುವಾಗುವ ಮೊದಲು. ವೇಗ ಏರಿದ ಮೇಲೆ ಇಳಿಸಲು ಹೋದರೆ ಕಷ್ಟ. ಬ್ರೇಕನ್ನು ತಿರುವಿಗೆ ಮುಂಚೆ ಗಟ್ಟಿಯಾಗಿ ಒಮ್ಮೆ ಒತ್ತಿ, ವೇಗ ತಗ್ಗಿಸಿ, ಪೂರ್ತಿ ಬಿಟ್ಟುಬಿಡಿ. ಹಗುರಾಗಿ ಒತ್ತಿಕೊಂಡೇ ಇರುವುದು ಅತಿ ಕೆಟ್ಟ ಅಭ್ಯಾಸ. ಬಿಟ್ಟಾಗಲೇ ಅದಕ್ಕೆ ಗಾಳಿ ತಾಗುವುದು.

ನಿಮ್ಮ ತಂದೆ ಕೂಗಿದ ಮಾತು ನೂರಕ್ಕೆ ನೂರು ಸರಿ. ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರಗಳಿಗೆ ಕೇಬಲ್ ಮೂಲಕ ಹೋಗುತ್ತದೆ, ಆಯಿಲ್ ಕುದಿದರೂ ಅದು ಕೆಲಸ ಮಾಡುತ್ತದೆ. ಒಂದೇ ಸಲ ಎಳೆದರೆ ಹಿಂಭಾಗ ತಿರುಗಿಬಿಡುತ್ತದೆ. ತುದಿಯ ಗುಂಡಿ ಒತ್ತಿ ಹಿಡಿದು ಸ್ವಲ್ಪ ಸ್ವಲ್ಪವಾಗಿ ಎಳೆಯಬೇಕು. ಪೆಡಲನ್ನೂ ಬೇಗಬೇಗ ಪಂಪ್ ಮಾಡುತ್ತಿರಬೇಕು, ಉಳಿದ ಒತ್ತಡ ಸಿಕ್ಕಷ್ಟು ಸಿಗಲಿ. ಏನೂ ಸಾಗದಿದ್ದರೆ ಗುಡ್ಡದ ಕಡೆಗೆ ಉಜ್ಜಿ ನಿಲ್ಲಿಸಿ. ತಗಡು ಹೋದರೆ ಹೋಗಲಿ.

ಮೈಲೇಜ್ ಲೆಕ್ಕಿಗ
ನಾನು ಆಗುಂಬೆಯನ್ನು ಎಷ್ಟೋ ಸಲ ನ್ಯೂಟ್ರಲ್‌ನಲ್ಲಿ ಇಳಿದಿದ್ದೇನೆ, ಏನೂ ಆಗಿಲ್ಲ. ಪೆಟ್ರೋಲ್ ಉಳಿಯುತ್ತದೆ. ನಿಧಾನವಾಗಿ ಹೋದರೆ ಸಾಕಲ್ಲವೇ?

ನಿವೃತ್ತ ಬಸ್ ಚಾಲಕ
ಅಯ್ಯಾ, ಇನ್ನು ಮುಂದೆ ಹಾಗೆ ಮಾಡಬೇಡಿ. ಇದುವರೆಗೆ ಏನೂ ಆಗಿಲ್ಲ ಎಂಬುದು ಭಾಗ್ಯ, ಅದನ್ನು ವಿದ್ಯೆ ಎಂದುಕೊಳ್ಳಬೇಡಿ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ನ್ಯೂಟ್ರಲ್ ಎಂದರೆ ಇಡೀ ಭಾರ ಬ್ರೇಕ್ ಮೇಲೆ.

ಗೇರ್‌ಪೆಟ್ಟಿಗೆ
ಪೆಟ್ರೋಲ್ ಉಳಿಯುವುದೂ ಇಲ್ಲ. ಇದು ಕಾರ್ಬ್ಯುರೇಟರ್ ಕಾಲದ ನಂಬಿಕೆ. ಈಗಿನ ಇಂಜೆಕ್ಷನ್ ಎಂಜಿನ್‌ನಲ್ಲಿ ಗೇರ್ ಹಾಕಿಕೊಂಡು ಆಕ್ಸಿಲರೇಟರ್ ಬಿಟ್ಟರೆ ಕಂಪ್ಯೂಟರ್ ಇಂಧನವನ್ನೇ ನಿಲ್ಲಿಸುತ್ತದೆ, ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಉಸಿರಾಡಲು ಪೆಟ್ರೋಲ್ ಬೇಕು. ಅಂದರೆ ನ್ಯೂಟ್ರಲ್‌ನಲ್ಲಿ ನೀವು ಖರ್ಚು ಮಾಡುತ್ತಿದ್ದೀರಿ!

ಕೆಲವರು ಇನ್ನೂ ಮುಂದೆ ಹೋಗಿ ಕೀಲಿಯನ್ನೇ ಆರಿಸುತ್ತಾರೆ. ಬೂಸ್ಟರ್ ನಡೆಯುವುದು ಎಂಜಿನ್ ಎಳೆಯುವ ನಿರ್ವಾತದಿಂದ. ಎಂಜಿನ್ ನಿಂತರೆ ಅದರಲ್ಲಿ ಉಳಿಯುವುದು ಎರಡು ಮೂರು ಸಲ ಒತ್ತುವಷ್ಟು ಮಾತ್ರ. ಆಮೇಲೆ ಪೆಡಲ್ ಗೋಡೆಯಂತಾಗುತ್ತದೆ. ಪವರ್ ಸ್ಟಿಯರಿಂಗೂ ಇಲ್ಲ.

ಮೈಲೇಜ್ ಲೆಕ್ಕಿಗ
ಇಂಧನ ನಿಲ್ಲಿಸುವ ವಿಷಯ ತಿಳಿದಿರಲಿಲ್ಲ. ಒಪ್ಪಿದೆ. ಈ ಅಭ್ಯಾಸ ಬಿಡುತ್ತೇನೆ.

ಸುಳ್ಯದ ಹುಡುಗಿ
ನನ್ನದು ಎಎಂಟಿ ಕಾರು, ಗೇರ್ ತಾನಾಗಿ ಬದಲಾಗುತ್ತದೆ, ಕ್ಲಚ್ ಪೆಡಲ್ ಇಲ್ಲ. ಸಂಪಾಜೆ ಘಾಟಿಯಲ್ಲಿ ಪ್ರತಿ ವಾರ ಓಡಾಡುತ್ತೇನೆ. ಡಿ ಯಲ್ಲಿ ಇಟ್ಟರೆ ಇಳಿಜಾರಿನಲ್ಲಿ ಅದೇ ಮೇಲಿನ ಗೇರಿಗೆ ಹೋಗುತ್ತದೆ. ಏನು ಮಾಡಬೇಕು?

ಗೇರ್‌ಪೆಟ್ಟಿಗೆ
ಕಡ್ಡಿಯನ್ನು ಎಂ ಕಡೆ ತಳ್ಳಿ ನೀವೇ ಎರಡನೆಯ ಗೇರ್ ಆಯ್ದುಕೊಳ್ಳಿ. ಬೇರೆ ಆಟೋಮ್ಯಾಟಿಕ್ ಗಾಡಿಗಳಲ್ಲಿ ಎಲ್, 2 ಅಥವಾ ಎಸ್ ಎಂದಿರುತ್ತದೆ, ಕೆಲವದರಲ್ಲಿ ಸ್ಟಿಯರಿಂಗ್ ಹಿಂದೆ ಪ್ಯಾಡಲ್ ಇರುತ್ತದೆ. ಇಳಿಜಾರಿಗೆಂದೇ ಕೊಟ್ಟಿರುವುದು ಅದು, ಬಳಸಿ.

ವಿದ್ಯುತ್ ಗಾಡಿ
ನಮಗೆ ಈ ತಾಪತ್ರಯವಿಲ್ಲ. ಮೋಟಾರೇ ಜನರೇಟರ್ ಆಗಿ ಗಾಡಿಯನ್ನು ಹಿಡಿಯುತ್ತದೆ, ಇಳಿಯುವಾಗ ಬ್ಯಾಟರಿ ತುಂಬುತ್ತದೆ. ಶಿರಾಡಿ ಇಳಿಯುವಾಗ ಬ್ರೇಕ್ ಮುಟ್ಟಿದ್ದು ನಾಲ್ಕೈದು ಸಲ ಇರಬಹುದು.

ಭೌತಶಾಸ್ತ್ರದ ಮೇಷ್ಟ್ರು
ಒಂದು ಎಚ್ಚರಿಕೆ. ಘಟ್ಟದ ಮೇಲೆಯೇ ಶೇ. 100 ಚಾರ್ಜ್ ಮಾಡಿ ಇಳಿಯಲು ಹೊರಟರೆ ಬರುವ ವಿದ್ಯುತ್ತನ್ನು ಇಡಲು ಜಾಗವಿರುವುದಿಲ್ಲ. ಹಲವು ಗಾಡಿಗಳಲ್ಲಿ ಆಗ ಮೋಟಾರಿನ ಹಿಡಿತ ಬಹಳ ಕಡಿಮೆಯಾಗುತ್ತದೆ. ಇಳಿಜಾರಿಗೆ ಮೊದಲು ಬ್ಯಾಟರಿಯಲ್ಲಿ ಸ್ವಲ್ಪ ಖಾಲಿ ಜಾಗ ಬಿಟ್ಟಿರಿ.

ಉಜಿರೆಯ ಮೆಕ್ಯಾನಿಕ್
ವಿದ್ಯುತ್ ಗಾಡಿಯವರಿಗೆ ಇನ್ನೊಂದು ಮಾತು. ಬ್ರೇಕ್ ಬಳಸದಿರುವುದರಿಂದಲೇ ಡಿಸ್ಕ್ ತುಕ್ಕು ಹಿಡಿಯುತ್ತದೆ, ಪಿನ್ ಅಂಟಿಕೊಳ್ಳುತ್ತದೆ. ನಮ್ಮ ಕರಾವಳಿಯ ಗಾಳಿಗೆ ಇನ್ನೂ ಬೇಗ. ವಾರಕ್ಕೊಮ್ಮೆಯಾದರೂ ಖಾಲಿ ರಸ್ತೆಯಲ್ಲಿ ನಾಲ್ಕು ಸಲ ಗಟ್ಟಿಯಾಗಿ ಬ್ರೇಕ್ ಹಾಕಿ.

ಕರಾವಳಿಯ ಮನೆ
ತುಕ್ಕಿನ ಮಾತು ಬಂತಲ್ಲ, ಮಂಗಳೂರಿನ ನನ್ನ ಕಥೆ ಕೇಳಿ. ಜೂನ್‌ನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಕಾರು ನಿಲ್ಲಿಸಿ ಮಗನ ಮನೆಗೆ ಹೋದೆ. ಐದು ವಾರ ಬಿಟ್ಟು ಬಂದರೆ ಹಿಂದಿನ ಚಕ್ರ ಅಲುಗುವುದಿಲ್ಲ. ಒಳಗಿನ ಬ್ರೇಕ್ ಲೈನಿಂಗ್, ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಕಚ್ಚಿಕೊಂಡಿತ್ತು. ಕೊನೆಗೆ ಚಕ್ರ ಬಿಚ್ಚಿ, ಡ್ರಮ್ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಬಿಡಿಸಿದರು. ಈಗ ತುಂಬ ದಿನ ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಹಾಕುವುದಿಲ್ಲ. ಸಮತಟ್ಟಾದ ಜಾಗ, ಮೊದಲ ಗೇರ್, ಚಕ್ರಕ್ಕೆ ಮರದ ತುಂಡು.

ಮಳೆಯಲ್ಲಿ ನಿಂತ ಕಾರು ಬೆಳಿಗ್ಗೆ ಹೊರಟಾಗ ಕರಕರ ಎನ್ನುತ್ತದೆ. ಅದಕ್ಕೆ ಹೆದರಬೇಕಿಲ್ಲ ಅಲ್ಲವೇ?

ಉಜಿರೆಯ ಮೆಕ್ಯಾನಿಕ್
ಇಲ್ಲ. ಡಿಸ್ಕಿನ ಮೇಲೆ ತೆಳು ತುಕ್ಕು ಕೂತಿರುತ್ತದೆ, ಮೂರು ನಾಲ್ಕು ಸಲ ಬ್ರೇಕ್ ಹಿಡಿದರೆ ಒರೆಸಿಹೋಗುತ್ತದೆ. ಆದರೆ ದಿನವಿಡೀ ಕೀಚ್ ಎಂಬ ಸಣ್ಣ ಸದ್ದು ಬಂದರೆ ಪ್ಯಾಡ್ ಸವೆದು ಅದರ ಎಚ್ಚರಿಕೆಯ ಪಟ್ಟಿ ಡಿಸ್ಕಿಗೆ ತಾಗುತ್ತಿರಬಹುದು. ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಗರಗರ ಸದ್ದಾದರೆ ಅಲ್ಲೇ ನಿಲ್ಲಿಸಿ. ಪ್ಯಾಡಿನ ಲೈನಿಂಗ್ ದಪ್ಪ 3 ಮಿ.ಮೀ.ಗೆ ಬಂತೆಂದರೆ ಬದಲಾಯಿಸಿ, ಎಡ ಬಲ ಎರಡೂ ಒಟ್ಟಿಗೆ.

ಪ್ಯಾಡ್ ಸವೆದಂತೆ ಡಬ್ಬಿಯಲ್ಲಿ ಆಯಿಲ್ ಮಟ್ಟ ತಾನಾಗಿ ಇಳಿಯುತ್ತದೆ, ಏಕೆಂದರೆ ಪಿಸ್ಟನ್ ಹೊರಬಂದಷ್ಟು ಜಾಗವನ್ನು ಆಯಿಲ್ ತುಂಬುತ್ತದೆ. ಆದ್ದರಿಂದ ಮಟ್ಟ ಇಳಿದಿದೆ ಎಂದು ಸುಮ್ಮನೆ ಸುರಿಯಬೇಡಿ. ಮೊದಲು ಪ್ಯಾಡ್ ನೋಡಿ, ಆಮೇಲೆ ಚಕ್ರಗಳ ಒಳಮೈಯಲ್ಲಿ ಸೋರಿಕೆ ನೋಡಿ.

ವೀಲ್ ಸ್ಪ್ಯಾನರ್
ಸುರಿಯುವ ಮಾತು ಬಂದದ್ದರಿಂದ ಹೇಳುತ್ತೇನೆ. ನನ್ನ ಚಿಕ್ಕಪ್ಪ ಒಮ್ಮೆ ಬ್ರೇಕ್ ಡಬ್ಬಿಗೆ ಪವರ್ ಸ್ಟಿಯರಿಂಗ್ ಆಯಿಲ್ ಹಾಕಿಬಿಟ್ಟರು. ಒಂದೇ ವಾರ. ಒಳಗಿನ ರಬ್ಬರ್‌ಗಳೆಲ್ಲ ಊದಿಕೊಂಡು ಬ್ರೇಕ್ ಹಿಡಿದದ್ದು ಬಿಡಲೇ ಇಲ್ಲ. ಮಾಸ್ಟರ್ ಸಿಲಿಂಡರ್, ಕ್ಯಾಲಿಪರ್ ಕಿಟ್, ಹೋಸ್, ಹಿಂದಿನ ವೀಲ್ ಸಿಲಿಂಡರ್ ಎಲ್ಲವನ್ನೂ ಬದಲಾಯಿಸಬೇಕಾಯಿತು. ಖನಿಜ ತೈಲದ ಒಂದು ಹನಿಯೂ ಅಲ್ಲಿಗೆ ಹೋಗಬಾರದು.

ಎಬಿಎಸ್ ಅಭಿಮಾನಿ
ಇಷ್ಟೆಲ್ಲ ಚರ್ಚೆ ಏಕೆ? 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಹೊಸ ಕಾರಿನಲ್ಲಿ ಹೀಗಾಗುವುದಿಲ್ಲ.

ಗೇರ್‌ಪೆಟ್ಟಿಗೆ
ದಯವಿಟ್ಟು ಈ ತಪ್ಪು ತಿಳಿವಳಿಕೆ ಹರಡಬೇಡಿ, ಇದನ್ನು ನಂಬಿ ಘಟ್ಟ ಇಳಿಯುವವರಿದ್ದಾರೆ. ಎಬಿಎಸ್ ಮಾಡುವುದು ಒಂದೇ ಕೆಲಸ: ಗಟ್ಟಿಯಾಗಿ ಒತ್ತಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ಒತ್ತಡವನ್ನು ಕ್ಷಣಕ್ಷಣಕ್ಕೂ ಬಿಟ್ಟು ಹಿಡಿಯುವುದು. ಅದರಿಂದ ಸ್ಟಿಯರಿಂಗ್ ನಿಮ್ಮ ಮಾತು ಕೇಳುತ್ತದೆ. ಆದರೆ ಅದು ಬಳಸುವುದೂ ಅದೇ ಆಯಿಲ್, ಅದೇ ಪ್ಯಾಡ್. ಆಯಿಲ್ ಕುದಿದರೆ ಎಬಿಎಸ್‌ಗೆ ಬಿಡಲು ಒತ್ತಡವೇ ಇರುವುದಿಲ್ಲ. ಸಡಿಲ ಜಲ್ಲಿಯ ಮೇಲೆ ಎಬಿಎಸ್ ಇದ್ದರೂ ನಿಲ್ಲುವ ದೂರ ಹೆಚ್ಚಬಹುದು.

ಪೆಡಲ್ ಕಾಲಡಿಯಲ್ಲಿ ಗಡಗಡ ನಡುಗಿದರೆ ಎಬಿಎಸ್ ಕೆಲಸ ಮಾಡುತ್ತಿದೆ ಎಂದರ್ಥ. ಬಹಳ ಜನ ಆಗ ಗಾಬರಿಯಾಗಿ ಕಾಲು ಎತ್ತುತ್ತಾರೆ. ಎತ್ತಬೇಡಿ, ಇನ್ನೂ ಒತ್ತಿ.

ಅಡಿಕೆ ತೋಟ
ನನ್ನ ಗಾಡಿಯಲ್ಲಿ ಎಬಿಎಸ್ ದೀಪ ಉರಿಯುತ್ತಿತ್ತು. ನೋಡಿದರೆ ಇಲಿ ಚಕ್ರದ ಸೆನ್ಸರ್ ವೈರ್ ಕಡಿದಿತ್ತು. ತೋಟದ ಮನೆಯವರು ಅದನ್ನೂ ನೋಡಿಕೊಳ್ಳಬೇಕು.

ಎಬಿಎಸ್ ಅಭಿಮಾನಿ
ಸರಿ, ನನ್ನ ಮಾತು ತಪ್ಪು.

ಬರ್ಮಿಂಗ್‌ಹ್ಯಾಮ್ ಕನ್ನಡಿಗ
ಇಲ್ಲಿ ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷವಾದ ಮೇಲೆ ಪ್ರತಿ ವರ್ಷ ಎಂಒಟಿ ಎಂಬ ತಪಾಸಣೆ ಆಗಲೇಬೇಕು. ಸಾಮಾನ್ಯವಾಗಿ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ಒಂದೊಂದರ ಬ್ರೇಕ್ ಬಲವನ್ನೂ ಅಳೆಯುತ್ತಾರೆ. ಎಡ ಬಲ ವ್ಯತ್ಯಾಸ ಮಿತಿ ಮೀರಿದರೆ ಗಾಡಿ ಫೇಲ್. ನಮ್ಮಲ್ಲಿ ಸ್ವಂತ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ನವೀಕರಣಕ್ಕೆ ಹೋದಾಗಲೇ ಫಿಟ್‌ನೆಸ್ ತಪಾಸಣೆ. ಅಷ್ಟು ವರ್ಷ ಯಾರೂ ಕಡ್ಡಾಯವಾಗಿ ಬ್ರೇಕ್ ನೋಡುವುದಿಲ್ಲ. ಇದು ಬದಲಾಗಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಮೈಲೇಜ್ ಲೆಕ್ಕಿಗ
ಪ್ರತಿ ವರ್ಷ ತಪಾಸಣೆ ಎಂದರೆ ಪ್ರತಿ ವರ್ಷ ಸರತಿ ಸಾಲು, ಪ್ರತಿ ವರ್ಷ ಖರ್ಚು. ಬಡವನ ಹಳೆಯ ಕಾರಿಗೆ ಭಾರವಾಗುತ್ತದೆ. ಕಾನೂನಿಗಿಂತ ಗ್ಯಾರೇಜಿನವರು ಸರಿಯಾಗಿ ನೋಡುವುದು ಮುಖ್ಯ.

ಬರ್ಮಿಂಗ್‌ಹ್ಯಾಮ್ ಕನ್ನಡಿಗ
ಈ ಚರ್ಚೆಯಲ್ಲಿ ಪಯಣಿಗರು ಬರೆದದ್ದನ್ನೇ ಇನ್ನೊಮ್ಮೆ ಓದಿ. ಗ್ಯಾರೇಜಿನವರು ನೋಡಿದ್ದಾರೆ, ಒಂಬತ್ತು ಸಲ.

ಹಳೆಯ ಅಂಬಾಸಿಡರ್
ನಮ್ಮ ಕಾಲದ ಅಂಬಾಸಿಡರ್‌ನಲ್ಲಿ ನಾಲ್ಕಕ್ಕೆ ನಾಲ್ಕೂ ಡ್ರಮ್. ಬಿಸಿಯಾದರೆ ಡ್ರಮ್ ಹಿಗ್ಗುತ್ತದೆ, ಲೈನಿಂಗ್ ಇನ್ನೂ ದೂರ ಚಲಿಸಬೇಕು, ಪೆಡಲ್ ಕೆಳಗೆ ಹೋಗುತ್ತದೆ. ಎರಡು ಸಲ ಪಂಪ್ ಮಾಡಿ ಹಿಡಿಯುವುದು ನಮಗೆ ಉಸಿರಾಟದಷ್ಟು ಸಹಜವಾಗಿತ್ತು. ಅರ್ಧ ಘಟ್ಟದಲ್ಲಿ ನಿಲ್ಲಿಸಿ ಚಕ್ರಕ್ಕೆ ನೀರು ಹೊಯ್ಯುತ್ತಿದ್ದೆವು. ಈಗಿನವರೂ ಹಾಗೆ ಮಾಡಬಹುದಲ್ಲ?

ಉಜಿರೆಯ ಮೆಕ್ಯಾನಿಕ್
ಬೇಡ ಹಿರಿಯರೇ. ಕಾದ ಕಾವಲಿಗೆ ನೀರೆರಚಿದಂತೆ ಆಗುತ್ತದೆ. ಡಿಸ್ಕಿನ ಒಂದು ಭಾಗ ಮಾತ್ರ ಥಟ್ಟನೆ ತಣಿದು ಬಾಗಬಹುದು, ಬಿರುಕೂ ಬಿಡಬಹುದು. ಮಳೆಯಲ್ಲಿ ಓಡುವಾಗ ಚಕ್ರ ತಿರುಗುತ್ತಿರುತ್ತದೆ, ನೀರು ಸುತ್ತಲೂ ಬೀಳುತ್ತದೆ, ಅದು ಬೇರೆ. ಕಾದಿದ್ದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಬ್ರೇಕಿನಿಂದ ಕಾಲು ತೆಗೆದು, ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕಾಯಿರಿ.

ನಿವೃತ್ತ ಬಸ್ ಚಾಲಕ
ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ಪಕ್ಕಕ್ಕೆ ಎತ್ತಿಡಿ! ಘಟ್ಟದಲ್ಲಿ ಎಷ್ಟು ಜನ ಕಲ್ಲು ಬಿಟ್ಟು ಹೋಗುತ್ತಾರೆ, ರಾತ್ರಿ ಮಂಜಿನಲ್ಲಿ ಬೈಕಿನವರು ಅದಕ್ಕೆ ಬಡಿದು ಬೀಳುತ್ತಾರೆ. ನಾನೇ ಎಷ್ಟೋ ಸಲ ಬಸ್ ನಿಲ್ಲಿಸಿ ಇಳಿದು ತೆಗೆದಿದ್ದೇನೆ. ಇನ್ನೊಂದು, ಕಿರಿದಾದ ಘಟ್ಟದ ರಸ್ತೆಯಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ಅದು ನಿಯಮ.

ಸುಳ್ಯದ ಹುಡುಗಿ
ಬಸ್ಸಿಗೂ ಹೀಗೆ ಆಯಿಲ್ ಕುದಿಯುತ್ತದೆಯೇ ಸರ್?

ನಿವೃತ್ತ ಬಸ್ ಚಾಲಕ
ದೊಡ್ಡ ಬಸ್ಸಿನಲ್ಲಿ ಆಯಿಲ್ ಅಲ್ಲಮ್ಮ, ಗಾಳಿ. ಕಂಪ್ರೆಸರ್ ಟ್ಯಾಂಕಿನಲ್ಲಿ ಗಾಳಿ ತುಂಬುತ್ತದೆ, ಪೆಡಲ್ ಒತ್ತಿದರೆ ಆ ಗಾಳಿ ಬ್ರೇಕ್ ತಳ್ಳುತ್ತದೆ. ನಿಲ್ದಾಣದಲ್ಲಿ ಬುಸ್ ಎನ್ನುವುದು ಅದೇ. ಕುದಿಯುವ ಭಯವಿಲ್ಲ. ಆದರೆ ಲೈನಿಂಗ್ ಕಾದರೆ ನಮಗೂ ಹಿಡಿತ ಹೋಗುತ್ತದೆ, ಪದೇ ಪದೇ ಒತ್ತಿದರೆ ಟ್ಯಾಂಕಿನ ಗಾಳಿ ಇಳಿಯುತ್ತದೆ. ಆದ್ದರಿಂದ ನಾವೂ ಗೇರನ್ನೇ ನಂಬುವುದು.

ಹಾಸನದ ಪಯಣಿಗ
ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ನೀವೆಲ್ಲ ಹೇಳಿದಂತೆ ಬೇರೊಂದು ಗ್ಯಾರೇಜಿಗೆ ಹೋಗಿ, ಎದುರಿಗೆ ನಿಂತು ಕೆಲಸ ಮಾಡಿಸಿದೆ.

ಎಡ ಮುಂದಿನ ಕ್ಯಾಲಿಪರಿನ ಕೆಳ ಪಿನ್ ಒಣಗಿ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಒಳಗಿನ ಪ್ಯಾಡ್ 2 ಮಿ.ಮೀ.ಗೂ ಕಡಿಮೆ, ಹೊರಗಿನದು 5 ಮಿ.ಮೀ. ಮೊದಲ ಸರ್ವಿಸ್ ಕೇಂದ್ರದವರು ಚಕ್ರ ಬಿಚ್ಚದೆ ಹೊರಗಿನದನ್ನಷ್ಟೇ ನೋಡಿರಬೇಕು. ಪಿನ್‌ಗಳನ್ನು ಉಜ್ಜಿ, ರಬ್ಬರಿಗೆ ಹಾನಿ ಮಾಡದ ಸಿಲಿಕೋನ್ ಗ್ರೀಸ್ ಹಾಕಿದರು. ಎರಡೂ ಕಡೆ ಹೊಸ ಪ್ಯಾಡ್. ಡಿಸ್ಕಿನ ದಪ್ಪ ಅಳೆದರು, ಅದರ ಮೇಲೆ ಅಚ್ಚಾಗಿರುವ ಕನಿಷ್ಠ ಅಳತೆಗಿಂತ ಹೆಚ್ಚಿದ್ದರಿಂದ ಉಳಿಸಿಕೊಂಡೆವು. ಹಿಂದಿನ ಡ್ರಮ್ ಬಿಚ್ಚಿ ಒಳಗಿನ ಪುಡಿಯನ್ನು ಒದ್ದೆ ಬಟ್ಟೆಯಿಂದ ತೆಗೆದರು. ಹುಡುಗನೊಬ್ಬ ಊದಲು ಹೊರಟಿದ್ದ, ಹಿರಿಯ ಮೆಕ್ಯಾನಿಕ್ ತಡೆದರು. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಆ ಪುಡಿ ಎದೆಗೆ ಹೋಗಬಾರದು ಎಂದರು.

ಆಮೇಲೆ ಆಯಿಲ್. ನಾಲ್ಕು ಚಕ್ರಗಳಿಂದಲೂ ಹಳೆಯದನ್ನು ತೆಗೆದರು. ಒಬ್ಬರು ಪೆಡಲ್ ಒತ್ತುವುದು, ಇನ್ನೊಬ್ಬರು ಚಕ್ರದ ಬಳಿ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸುವುದು, ಗಾಳಿ ಒಳಗೆ ಹೋಗದಂತೆ ಡಬ್ಬಿಗೆ ಹೊಸದನ್ನು ತುಂಬುತ್ತಲೇ ಇರುವುದು. ಬಾಟಲಿಗೆ ಬಂದದ್ದು ಹಳೆಯ ಕಾಫಿ ಡಿಕಾಕ್ಷನ್ ಬಣ್ಣದ ನೀರು. ಪಕ್ಕದಲ್ಲಿ ಹೊಸ ಬಾಟಲಿ ಇಟ್ಟರೆ ತಿಳಿ ಜೇನಿನ ಬಣ್ಣ. ಅಪ್ಪ ಎರಡನ್ನೂ ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತಾ ನಿಂತಿದ್ದರು.

ಒಟ್ಟು ಖರ್ಚಿನಲ್ಲಿ ಆಯಿಲ್‌ನ ಪಾಲು ಕೆಲವೇ ನೂರು ರೂಪಾಯಿ.

ಉಜಿರೆಯ ಮೆಕ್ಯಾನಿಕ್
ಒಳ್ಳೆಯ ಕೆಲಸ ಮಾಡಿಸಿದ್ದೀರಿ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಮೊದಲ 200–300 ಕಿ.ಮೀ. ಬಿರುಸಾಗಿ ಬ್ರೇಕ್ ಹಾಕಬೇಡಿ, ಘಟ್ಟಕ್ಕೂ ಹೋಗಬೇಡಿ. ಇವತ್ತಿನ ದಿನಾಂಕವನ್ನು ಡಬ್ಬಿಯ ಪಕ್ಕದಲ್ಲಿ ಚೀಟಿ ಅಂಟಿಸಿ ಬರೆದಿಡಿ. ಕಿ.ಮೀ. ಎಷ್ಟೇ ಆಗಿರಲಿ, ಎರಡು ವರ್ಷಕ್ಕೆ ಮತ್ತೆ ಬದಲಾಯಿಸಿ.

ಹಳೆಯ ಅಂಬಾಸಿಡರ್
ಎರಡು ವರ್ಷವೇ? ಓಡದ ಗಾಡಿಗೂ?

ಉಜಿರೆಯ ಮೆಕ್ಯಾನಿಕ್
ಓಡದ ಗಾಡಿಗೂ. ತೇವಕ್ಕೆ ಮೀಟರ್ ಓದಲು ಬರುವುದಿಲ್ಲ.

ಕರಾವಳಿಯ ಮನೆ
ಈಗ ನನ್ನ ಕಾರಿನ ಸರ್ವಿಸ್ ಪುಸ್ತಕ ತೆರೆದು ನೋಡಿದೆ. ಏಳು ವರ್ಷದಲ್ಲಿ ಬ್ರೇಕ್ ಆಯಿಲ್ ಎಂಬ ಸಾಲಿನ ಎದುರು ಎಲ್ಲವೂ ಖಾಲಿ. ಶನಿವಾರ ಉಜಿರೆಗೆ ಬರುತ್ತೇನೆ ಸರ್, ಎಷ್ಟು ಗಂಟೆಗೆ ತೆರೆಯುತ್ತೀರಿ?

ಉಜಿರೆಯ ಮೆಕ್ಯಾನಿಕ್
ಒಂಬತ್ತಕ್ಕೆ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಎಂದಿದೆಯೋ 4 ಎಂದಿದೆಯೋ ನೋಡಿ ಹೇಳಿ, ಸೀಲ್ ಒಡೆಯದ ಬಾಟಲಿ ತರಿಸಿಟ್ಟಿರುತ್ತೇನೆ. ಮಂಗಳೂರಿನಿಂದ ಬರುವಾಗ ಅವಸರ ಬೇಡ.